ಸಣ್ಣ ಎನ್, ದೊಡ್ಡ ಎ

ಹೆಂಡತಿಯ ಹೆಸರನ್ನೇ ಪಾಸ್‌ವರ್ಡ್ ಮಾಡಿಟ್ಟರೆ ಮನೆಯಲ್ಲಿ ಶಾಂತಿ ನೆಲೆಸುತ್ತದೆಂದು ಹಾನಗಲ್ಲಿನ ಶಿವಾನಂದನಿಗೆ ಯಾರು ಹೇಳಿದರೋ ಗೊತ್ತಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ಲಗ್ನಪತ್ರಿಕೆ ಛಾಪಿಸುವ ಅಂಗಡಿ ಅವನದು. ದಿನವಿಡೀ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಹೊಡೆಯುವ ಕೆಲಸ. ಮನೆಯ ವೈಫೈಗೆ ಮಾತ್ರ ಒಂದರಿಂದ ಎಂಟರವರೆಗಿನ ಅಂಕಿಗಳನ್ನೇ ಪಾಸ್‌ವರ್ಡ್ ಮಾಡಿ, ಇಡೀ ಓಣಿಗೆ ಪುಕ್ಕಟೆ ಸಿನಿಮಾ ತೋರಿಸುತ್ತಿದ್ದ. ಒಂದು ದಿನ ಪಕ್ಕದ ಮನೆಯ ಮೆಹಬೂಬ ಬಂದು, "ಇವತ್ತ ನಿಮ್ಮ ನೆಟ್ ಭಾಳ ಸ್ಲೋ ಐತಿ, ಸ್ವಲ್ಪ ನೋಡ್ರಿ" ಎಂದು ತಕರಾರು ಹೇಳಿದ. ಅವತ್ತೇ ಶಿವಾನಂದ ಪಾಸ್‌ವರ್ಡ್ ಬದಲಿಸಿದ. ಹೊಸದು: ನಾಗರತ್ನಾ.

ಮರುದಿನ ಅವನು ಅಂಗಡಿಗೆ ಹೋದ ಮೇಲೆ ಪ್ರಮಾದವಾಯಿತು. ಹಿರೇಬೆಂಡಿಗೇರಿಯಿಂದ ಬಂದಿದ್ದ ಅತ್ತೆ ಸುಶೀಲವ್ವ ಮುಷ್ಟಿಯಲ್ಲಿ ಅಕ್ಕಿಕಾಳು ಹಿಡಿದು ಟಿ.ವಿ. ಮುಂದೆ ಕುಳಿತಿದ್ದರು. ಬಳ್ಳಾರಿಯಲ್ಲಿ ಅವರ ತಮ್ಮನ ಮೊಮ್ಮಗಳ ಮದುವೆ. ಮೊಣಕಾಲು ನೋವಿನಿಂದ ಹೋಗಲಾಗದೆ, ನೇರಪ್ರಸಾರ ನೋಡುತ್ತ ಇಲ್ಲಿಂದಲೇ ಆಶೀರ್ವಾದ ಎಸೆಯುವ ಸಂಕಲ್ಪ ಅವರದು. ಟಿ.ವಿ. ಪಾಸ್‌ವರ್ಡ್ ಕೇಳಿತು.

"ರೀ, ಪಾಸ್‌ವರ್ಡ್ ಏನ್ರಿ? ಅವ್ವ ಅಕ್ಕಿಕಾಳು ಹಿಡ್ಕೊಂಡು ಕುಂತಾಳ" ಎಂದು ನಾಗರತ್ನಾ ಫೋನು ಮಾಡಿದಳು.

"ನಿನ್ನ ಹೆಸರು!" ಶಿವಾನಂದ ಗಂಭೀರವಾಗಿ ಘೋಷಿಸಿದ.

"ಅಯ್ಯ, ನಂದಾ?" (ಆ ದನಿಯಲ್ಲಿದ್ದ ನಾಚಿಕೆಯನ್ನು ಅವನು ಕೇಳಿ ವರ್ಷಗಳೇ ಆಗಿದ್ದವು.)

ಅವನು ಆ ಸುಖದಲ್ಲೇ ಇದ್ದಾಗ ಮತ್ತೆ ಫೋನು ಬಂತು. ನಾಚಿಕೆ ಹೋಗಿತ್ತು.

"ತಪ್ಪು ಅನ್ನಾಕತ್ತೈತಿ. ಎನ್ ದೊಡ್ಡದು ಹಾಕಿದೆ, ತಪ್ಪು. ಎಲ್ಲಾ ದೊಡ್ಡದ ಹಾಕಿದೆ, ತಪ್ಪು. ನನ್ನ ಹೆಸರು ಬರಿಯೂದು ನನಗ ಗೊತ್ತಿಲ್ಲೇನು? ಖರೇ ಹೇಳ್ರಿ, ಯಾರ ಹೆಸರು ಇಟ್ಟೀರಿ?"

"ನಿಂದ, ಮಾರಾಯ್ತಿ! ಮೊದಲಿನ ಎನ್ ಸಣ್ಣದು. 'ನಾ'ಕ್ಕ ದೀರ್ಘ ಐತೆಲ್ಲ, ಅದಕ್ಕ ಎ ದೊಡ್ಡದು. ನಡುವಿನ ಎ ಎಲ್ಲಾ ಸಣ್ಣವು. ಕಡೀ ಎ ಮತ್ತ ದೊಡ್ಡದು. ಕಂಪ್ಯೂಟರಿಗೆ ದೊಡ್ಡ ಎ, ಸಣ್ಣ ಎ ಅಂದ್ರ ಬ್ಯಾರೆ ಬ್ಯಾರೆ ಮಂದಿ ಇದ್ದಂಗ."

"ನನ್ನ ಹೆಸರಿನ ಮೊದಲ ಅಕ್ಷರಾನ ಸಣ್ಣದು ಮಾಡೀರಿ?"

"ಅಂಗಡ್ಯಾಗ ಕನ್ನಡ ಹೊಡಿಯೂಮುಂದ ದೊಡ್ಡ ಎನ್ ಹಾಕಿದ್ರ 'ಣ' ಆಕ್ಕೈತಿ. ಣಾಗರತ್ನಾ!"

ಹಿಂದಿನಿಂದ ಅತ್ತೆಯ ದನಿ ಕೇಳಿಸಿತು. "ಏನಂತಾರ ಅಳಿಯಂದ್ರು? ನಿನ್ನ ಹೆಸರು ಸಣ್ಣದು ಮಾಡ್ಯಾರಂತ? ಇಷ್ಟು ವರ್ಷ ಇವರಿಗೆ ರೊಟ್ಟಿ ಬಡದಾಕೀ ಹೆಸರು!"

"ತಡೀ, ನಾನ ಬರ್ತೇನಿ" ಎಂದು ಶಿವಾನಂದ ಅರ್ಧ ಛಾಪಿಸಿದ ಪತ್ರಿಕೆಗಳನ್ನು ಬಿಟ್ಟು ಬೈಕ್ ಹತ್ತಿದ. ಮನೆಗೆ ಬಂದವನೇ ರಿಮೋಟ್ ಹಿಡಿದು ಒಂದೊಂದೇ ಅಕ್ಷರ ಆರಿಸಿದ. ಅವಸರದಲ್ಲಿ ಅವನ ಕೈಯಲ್ಲೂ ಒಂದು ಸಲ 'ಣಾಗರತ್ನಾ' ಆಯಿತು. ಕೊನೆಗೂ ಟಿ.ವಿ. ತೆರೆದಾಗ ಬಳ್ಳಾರಿಯ ಬೀಗರು ಸಾಲಾಗಿ ಕುಳಿತು ಹೋಳಿಗೆ ತಿನ್ನುತ್ತಿದ್ದರು.

ಸುಶೀಲವ್ವ ಪರದೆ ನೋಡಿದರು. ಮುಷ್ಟಿ ನೋಡಿದರು. "ಇಲ್ಲೆ ಬರ್ರಿ" ಎಂದು ಅಳಿಯನನ್ನು ಕರೆದು, ಅಕ್ಕಿಕಾಳನ್ನೆಲ್ಲ ಅವನ ತಲೆಯ ಮೇಲೆ ಸುರಿದರು. "ಮದುಮಕ್ಕಳಿಗಂತೂ ಮುಟ್ಲಿಲ್ಲ. ನಿಮಗರ ಒಳ್ಳೇ ಬುದ್ಧಿ ಬರ್ಲಿ."

ಸಂಜೆ ಅಂಗಡಿಯಿಂದ ಮರಳಿದಾಗ ಅವನ ಫೋನಿಗೆ ವೈಫೈ ಸಿಗಲಿಲ್ಲ. ಎದುರು ಮನೆಯ ಕಾಲೇಜು ಹುಡುಗಿ ತರನ್ನುಮಳನ್ನು ಕರೆಸಿ ನಾಗರತ್ನಾ ಪಾಸ್‌ವರ್ಡ್ ಬದಲಿಸಿದ್ದಳು.

"ಯಾರ ಹೆಸರು ಇಟ್ಟಿ?" ಅಂಜುತ್ತಲೇ ಕೇಳಿದ.

"ಮತ್ತ್ಯಾರದು? ನಿಮ್ದ."

ಶಿವಾನಂದನ ಎದೆ ಉಬ್ಬಿತು. ಮೊದಲ ಅಕ್ಷರ ದೊಡ್ಡದು ಮಾಡಿ ತನ್ನ ಹೆಸರು ಹೊಡೆದ. ತಪ್ಪು. ದೀರ್ಘ ಬಂದಲ್ಲಿ ಎ ದೊಡ್ಡದು ಮಾಡಿದ. ತಪ್ಪು. ಎಲ್ಲವನ್ನೂ ದೊಡ್ಡದಾಗಿಯೇ ಹೊಡೆದ. ಅದೂ ತಪ್ಪು.

"ಯಾವ್ಯಾವ ಅಕ್ಷರ ದೊಡ್ಡವು ಅಂತ ಹೇಳ, ಮಾರಾಯ್ತಿ" ಎಂದು ಅಂಗಲಾಚಿದ.

ನಾಗರತ್ನಾ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕುತ್ತ ಹೇಳಿದಳು: "ಈ ಮನ್ಯಾಗ ನೀವು ಎಷ್ಟು ದೊಡ್ಡವರದೀರಿ, ಅಷ್ಟ ದೊಡ್ಡದು ಹೊಡೀರಿ."

ಶಿವಾನಂದ ಹೊಡೆದದ್ದನ್ನೆಲ್ಲ ಅಳಿಸಿದ. ಆಮೇಲೆ ಮೊದಲಿನಿಂದ ಕಡೆಯವರೆಗೂ ಸಣ್ಣ ಅಕ್ಷರಗಳಲ್ಲೇ ಹೊಡೆದ. ಒಂದೇ ಏಟಿಗೆ ತೆರೆಯಿತು.