ಸಾಹೇಬರ ಗಾಳಕ್ಕೆ ಸಿಕ್ಕ ಭಾನುವಾರ

ಸರ್ಕಾರಿ ಕೆಲಸದಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಆಗುವುದು ನಿಂತಿದೆ ಎಂದರೆ ಆ ಕಚೇರಿಯನ್ನೇ ಮುಚ್ಚಿದ್ದಾರೆ ಎಂದು ತಿಳಿಯಬೇಕು. ನಮಗೆ ಮೇಲಧಿಕಾರಿಗಳಾಗಿ ಬಂದವರಿಗೆಲ್ಲ ಒಂದೊಂದು ಹುಚ್ಚು. ಒಬ್ಬರು ಶಟಲ್ ಆಡುತ್ತಿದ್ದರು. ನಾವು ಚೆನ್ನಾಗಿ ಸೋಲುವುದನ್ನು ಕಲಿತೆವು. ಇನ್ನೊಬ್ಬರು ಹಾಡುತ್ತಿದ್ದರು; ತಾಳ ತಪ್ಪಿದಾಗಲೂ ತಲೆದೂಗುವುದನ್ನು ಕಲಿತೆವು. ತೊಂಬತ್ತರ ದಶಕದ ಕೊನೆಯಲ್ಲಿ ಹಾಸನಕ್ಕೆ ಬಂದ ಸಾಹೇಬರಿಗೆ ಗಾಳ ಹಾಕುವ ಹುಚ್ಚು. ಅದರಲ್ಲೂ ಗೆಂಡೆ ಮೀನೇ ಆಗಬೇಕು, ದೊಡ್ಡ ಕೆರೆ ಆಗದು, ಗದ್ದಲವಿಲ್ಲದ ಪುಟ್ಟ ಕಟ್ಟೆಯೇ ಬೇಕು.

ನಾನಾಗ ಗೆಂಡೆಹಳ್ಳಿಯ ಕಚೇರಿಯಲ್ಲಿ ಗುಮಾಸ್ತ. ಹೆಂಡತಿ ಅರಸೀಕೆರೆಯ ಹತ್ತಿರ ಸರ್ಕಾರಿ ಶಾಲೆಯ ಮೇಡಂ. ಬೇಲೂರಲ್ಲೊಂದು ಬಸ್ಸು, ಹಳೇಬೀಡಲ್ಲೊಂದು ಬಸ್ಸು ಎಂದು ಬದಲಾಯಿಸುತ್ತ ಶನಿವಾರ ಮನೆ ಸೇರುವಷ್ಟರಲ್ಲಿ ಮಗಳು ಮಲಗಿರುತ್ತಿದ್ದಳು. ಭಾನುವಾರ ಮಧ್ಯಾಹ್ನ ಊಟ ಮುಗಿದ ಕೂಡಲೇ ನಾನು ಮತ್ತೆ ಚೀಲ ಹುಡುಕುತ್ತಿದ್ದೆ. ಪಕ್ಕದ ಮನೆಯಾಕೆ ಒಂದು ದಿನ "ಯಾರೇ ಪುಟ್ಟಿ ಬಂದಿರೋದು?" ಎಂದು ಕೇಳಿದ್ದಕ್ಕೆ ಮಗಳು "ಗೆಂಡೆಹಳ್ಳಿಯೋರು, ನೆಂಟ್ರು" ಎಂದಳಂತೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಮಾತ್ರ ಹೊಟ್ಟೆ ಉರಿಯಿತು.

ಅರಸೀಕೆರೆಗೆ ವರ್ಗ ಮಾಡಿ ಎಂದು ಎಷ್ಟು ಅರ್ಜಿ ಹಾಕಿದರೂ ಹಾಸನದಿಂದ ಒಂದು ಕೆಮ್ಮೂ ಬಂದಿರಲಿಲ್ಲ. ಹೀಗಿರುವಾಗ ನಮ್ಮ ಹೆಡ್ ಕ್ಲರ್ಕು ಕಿವಿಯ ಹತ್ತಿರ ಬಂದು, "ಮುಂದಿನ ಭಾನುವಾರ ಅಲ್ಲ, ಅದರಾಚೆ ಭಾನುವಾರ ಸಾಹೇಬ್ರು ನಮ್ಮೂರ ಕಟ್ಟೆಗೆ ಗಾಳ ಹಾಕೋಕೆ ಬರ್ತಾರೆ ಕಣ್ರೀ. ಒಂದು ಗೆಂಡೆ ಬಿತ್ತು ಅಂದ್ರೆ ನಿಮ್ಮ ವರ್ಗ ಆಯ್ತು ಅಂತ್ಲೇ ತಿಳ್ಕೊಳ್ಳಿ. ಏರ್ಪಾಟೆಲ್ಲ ನಿಮ್ದೇ" ಎಂದರು. ಹೀಗೆ ನನ್ನ ಸಂಸಾರ ಒಂದು ಮೀನಿನ ಬಾಯಿಗೆ ಬಿತ್ತು.

ತುಪ್ಪದ ಉಂಡೆ

ಸಾಹೇಬರ ಗಾಳಕ್ಕೆ ಎರೆಹುಳು ಆಗದು. ಹುಳು ಮುಟ್ಟಲು ಅವರಿಗೆ ಅಸಹ್ಯ. ಹುರಿಗಡಲೆ ಹಿಟ್ಟು, ಬೆಲ್ಲ, ಸೋಂಪಿನ ಪುಡಿ, ಮೇಲೆ ಧಾರಾಳವಾಗಿ ತುಪ್ಪ ಹಾಕಿ ಕಲಸಿ ಉಂಡೆ ಕಟ್ಟಬೇಕೆಂದು ಫೋನಿನಲ್ಲಿ ಅಪ್ಪಣೆಯಾಯಿತು. ಮನೆಗೆ ಹೋದಾಗ ಹೆಂಡತಿಗೆ ಹೇಳಿದೆ.

"ಯಾರಿಗೆ ಇದು?" ಎಂದಳು.

"ಮೀನಿಗೆ."

"ತುಪ್ಪಾನೂ?"

"ತುಪ್ಪಾನೂ."

ಅವಳು ತುಪ್ಪದ ಡಬ್ಬಿಯ ಮುಚ್ಚಳ ತೆಗೆದು ಒಳಗೆ ನೋಡಿದಳು. "ಮಗಳ ಅನ್ನಕ್ಕೆ ಅಂತ ಇಟ್ಟಿದ್ದೆ ಕಣ್ರೀ" ಎಂದಳು. ಆಮೇಲೆ ಸೋಂಪು ಹುರಿದಳು, ಪುಡಿ ಮಾಡಿದಳು, ಉಂಡೆ ಕಟ್ಟಿದಳು. ನಾಲ್ಕು ಮಾತು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಸಾಹೇಬರು ಬರುವ ಭಾನುವಾರ ಬೆಳಿಗ್ಗೆ ಉಂಡೆಯ ಡಬ್ಬಿಯನ್ನು ಕಚೇರಿಯ ಮೇಜಿನ ಮೇಲಿಟ್ಟು ನೀರು ತರಲು ಹೋದೆ. ಬರುವಷ್ಟರಲ್ಲಿ ಹೆಡ್ ಕ್ಲರ್ಕು ಎರಡು ಉಂಡೆ ಮುಗಿಸಿ ಮೂರನೆಯದಕ್ಕೆ ಕೈ ಹಾಕಿದ್ದರು. ಅವರು ಹಳೇಬೀಡಿನ ಕಡೆಯ ಜೈನರು, ಹೋಟೆಲಿನಲ್ಲಿ ಈರುಳ್ಳಿಯ ವಾಸನೆ ಬಂದರೆ ಎದ್ದು ಬರುವವರು. "ಮನೆಯವರ ಕೈರುಚಿ ಬಹಳ ಚೆನ್ನಾಗಿದೆ ಕಣ್ರೀ" ಎಂದರು.

"ಸರ್, ಅದು ಗಾಳಕ್ಕೆ ಹಾಕೋ ಉಂಡೆ!"

ಅವರ ಕೈ ಬಾಯಿಯ ಹತ್ತಿರ ನಿಂತಿತು. ಮುಖ ಬಿಳಚಿಕೊಂಡಿತು. "ಇದರಲ್ಲಿ ಮೀನು ಗೀನು ಹಾಕಿಲ್ಲ ತಾನೆ?"

"ಇಲ್ಲ ಸರ್. ಇದನ್ನ ಮೀನು ತಿನ್ನುತ್ತೆ, ಅಷ್ಟೇ."

"ಅಷ್ಟೇ ತಾನೆ? ಅದೂ ಶುದ್ಧ ಸಸ್ಯಾಹಾರಿ ಅಂತಾಯ್ತಲ್ಲ" ಎಂದು ಮೂರನೆಯದನ್ನೂ ಬಾಯಿಗಿಟ್ಟರು.

ಅಳತೆ ಕೋಲು

ಸಾಹೇಬರು ಜೀಪಿನಿಂದಿಳಿದು, ಕಟ್ಟೆಯ ಏರಿಯ ಮೇಲೆ ಮಡಚುವ ಕುರ್ಚಿ ಹಾಕಿಸಿ, ಚೀಲದಿಂದ ಹೊಳೆಯುವ ಕೋಲೊಂದನ್ನು ತೆಗೆದರು. ಒಂದರೊಳಗಿಂದ ಒಂದು ಎಳೆದಂತೆ ಅದು ಉದ್ದವಾಗುತ್ತಲೇ ಹೋಯಿತು. ಬುಡದಲ್ಲಿ ದಾರ ಸುತ್ತಿದ ರೀಲು. ಗಾಳ ಬೀಸಿದರೆ ಕೆಂಪು ಬಣ್ಣದ ಬೆಂಡು ಆಚೆ ದಡದ ಹತ್ತಿರ ಹೋಗಿ ತೇಲಿತು. ನಮ್ಮ ಕಡೆ ಗಾಳವೆಂದರೆ ಬಿದಿರು ಕಡ್ಡಿ, ಒಂದು ದಾರ. ಇದು ಗಾಳ ಎಂದು ಊರವರಿಗೆ ತಿಳಿಯುವುದಾದರೂ ಹೇಗೆ?

ನಮ್ಮ ಇಲಾಖೆಗೂ ಜಮೀನಿನ ಅಳತೆಗೂ ಸಂಬಂಧವೇ ಇಲ್ಲ. ಆದರೆ ಶರಟನ್ನು ಪ್ಯಾಂಟಿನೊಳಗೆ ತುರುಕಿಕೊಂಡು ಜೀಪಿನಿಂದ ಇಳಿದವರೆಲ್ಲ ಊರಿನವರ ಪಾಲಿಗೆ ಅಳೆಯುವವರೇ. ಆಚೆ ದಡದಲ್ಲಿ ಒಬ್ಬ ಗೌಡರ ಶುಂಠಿ ಹೊಲವಿತ್ತು. ಆ ಹೊಲ ವರ್ಷವರ್ಷವೂ ಕಟ್ಟೆಯೊಳಕ್ಕೆ ನಡೆದು ಬರುತ್ತಿತ್ತು, ಹಿಂದೆಯೇ ಬೇಲಿಯೂ ಬರುತ್ತಿತ್ತು. ಕಟ್ಟೆ ಒತ್ತುವರಿಯಾಗಿದೆ ಎಂದು ಯಾರು ಯಾರೋ ಕೊಟ್ಟ ನೋಟೀಸುಗಳಲ್ಲಿ ಗೌಡರು ಮೂಗು ಒರೆಸಿ ಎಸೆದಿದ್ದರು.

ಆ ಗೌಡರು ಈಗ ಎಳನೀರು ಹಿಡಿದುಕೊಂಡು ಓಡಿ ಬಂದರು. "ಸಾಯೇಬ್ರೆ, ಆ ಕೆಂಪು ಗುರುತಿನ ತಾವಿಂದ ಸರ್ಕಾರದ್ದಾ?" ಎಂದರು. ಸಾಹೇಬರು ಬೆಂಡಿನ ಮೇಲಿನ ಕಣ್ಣು ತೆಗೆಯದೆ ತುಟಿಯ ಮೇಲೆ ಬೆರಳಿಟ್ಟು "ಶ್!" ಎಂದರು.

ಗೌಡರು ನನ್ನನ್ನು ಪಕ್ಕಕ್ಕೆ ಎಳೆದರು. "ಮಾತೇ ಬ್ಯಾಡ ಅಂತಾರಲ್ಲ ಗುಮಾಸ್ತ್ರೆ. ಕೇಸು ಗಟ್ಟಿ ಐತಾ?"

"ಗೌಡ್ರೇ, ಅವರು ಮೀನು ಹಿಡಿಯೋಕೆ ಬಂದಿರೋದು."

"ನಂಗೇ ಕಿವಿ ಮ್ಯಾಲೆ ಹೂ ಇಡ್ತೀರಾ? ಸರ್ಕಾರದ ಜೀಪು, ಸರ್ಕಾರದ ಡೀಸೆಲ್ಲು, ಸರ್ಕಾರದ ಡ್ರೈವರ್ರು. ಇಷ್ಟೆಲ್ಲ ಕಟ್ಕೊಂಡು ಹಾಸನದಿಂದ ಮೀನು ಹಿಡಿಯೋಕೆ ಬತ್ತಾರಾ?"

ಗೌಡರು ದಾಪುಗಾಲು ಹಾಕುತ್ತ ಹೊಲದ ಕಡೆ ಹೋದರು. ಮಧ್ಯಾಹ್ನದೊಳಗೆ ಆಳುಗಳು ಬಂದು ಬೇಲಿಯನ್ನು ಕಿತ್ತು ಹೊಲದ ಮೇಲ್ತುದಿಗೆ ನೆಟ್ಟರು. ಸರ್ಕಾರಕ್ಕೆ ಆಗದ ಕೆಲಸವನ್ನು ಒಂದು ಬೆಂಡು ಮಾಡಿಬಿಟ್ಟಿತಲ್ಲ ಎಂದು ನನಗೇ ಹೆಮ್ಮೆಯಾಯಿತು. ಮರುದಿನ ಹೋಗಿ ನೋಡಿದರೆ ಬೇಲಿ ಹಳೆಯ ಜಾಗಕ್ಕೇ ಬಂದಿತ್ತು, ಪಟ್ಟ ಶ್ರಮಕ್ಕೆ ಕೂಲಿಯೆಂಬಂತೆ ಇನ್ನೆರಡು ಹೆಜ್ಜೆ ನೀರಿನ ಕಡೆಗೆ.

ಬೆನ್ನು ತಿರುಗಿಸಿ ಚಪ್ಪಾಳೆ

ಅಂದು ಬೆಳಗಿನಿಂದ ಬೆಂಡು ಅಲ್ಲಾಡಿರಲಿಲ್ಲ. ಸಾಹೇಬರ ಮುಖ ಸಿಂಡರಿಸುತ್ತ ಬಂತು. "ಏನ್ರೀ, ಈ ಕಟ್ಟೇಲಿ ಮೀನಿದೆ ಅಂತ ಯಾರ್ರೀ ಹೇಳಿದ್ದು?" ಎಂದು ನನ್ನ ಕಡೆ ನೋಡಿದರು. ಅವರ ಒಂದೊಂದು ನೋಟಕ್ಕೂ ಅರಸೀಕೆರೆ ಒಂದೊಂದು ಮೈಲಿ ದೂರ ಹೋಗುತ್ತಿತ್ತು.

ಹೆಡ್ ಕ್ಲರ್ಕು ಕಟ್ಟೆಗೆ ಬೆನ್ನು ಹಾಕಿ ಕೂತಿದ್ದರು. ಜೀವಹಿಂಸೆ ಕಣ್ಣಿಂದ ನೋಡಬಾರದು, ಆದರೆ ಸಾಹೇಬರನ್ನು ಬಿಟ್ಟು ಹೋಗಲೂ ಬಾರದು. "ಮೀನು ಬಿದ್ದಾಗ ಮೆಲ್ಲಗೆ ಹೇಳಿ, ಚಪ್ಪಾಳೆ ಹೊಡೀತೀನಿ" ಎಂದು ನನಗೆ ಹೇಳಿಟ್ಟಿದ್ದರು.

ಬಿಸಿಲೇರಿದಾಗ ಎಮ್ಮೆ ಕಾಯುವ ಅಜ್ಜಿ ತನ್ನ ಎಮ್ಮೆಗಳನ್ನು ದಿನದಂತೆ ಹೊಡೆದುಕೊಂಡು ಬಂದಳು. ನಾನು ಅಡ್ಡ ಹೋಗಿ, "ಅಜ್ಜೀ, ಇವತ್ತೊಂದು ದಿನ ಬೇಡ. ಸಾಹೇಬ್ರು ಕೂತಿದ್ದಾರೆ" ಎಂದೆ.

"ನಂಗೊತ್ತಾಯ್ತು ಕಣಪ್ಪ. ಎಮ್ಮೆಗೆ ನೀನೇ ಹೇಳು" ಎಂದಳು. ಹೇಳುವ ಮೊದಲೇ ಅವು ನೀರಿಗಿಳಿದು, ಮೂಗು ಮಾತ್ರ ಮೇಲೆ ಬಿಟ್ಟು ಮುಳುಗಿಬಿಟ್ಟವು.

ಸ್ವಲ್ಪ ಹೊತ್ತಿಗೆ ಬೆಂಡು ಗುಳುಂ ಎಂದಿತು. ರೀಲು ಕಿರ್ರೆಂದು ತಿರುಗಿತು. ಕೋಲು ಬಿಲ್ಲಿನಂತೆ ಬಾಗಿತು. "ಬಿತ್ತು ಕಣ್ರೀ! ಗೆಂಡೆ! ಮಹಾ ಗೆಂಡೆ!" ಎಂದು ಸಾಹೇಬರು ಕುರ್ಚಿ ಒದ್ದು ಎದ್ದು ನಿಂತರು. ನಾನು ಸಾಹೇಬರ ಸೊಂಟ ಹಿಡಿದೆ, ಡ್ರೈವರು ನನ್ನ ಸೊಂಟ ಹಿಡಿದ. ಹೆಡ್ ಕ್ಲರ್ಕು ತಿರುಗಿ ನೋಡದೆ ಜೋರಾಗಿ ಚಪ್ಪಾಳೆ ಶುರು ಮಾಡಿದರು. ಕೊನೆಗೆ ನೀರು ಸೀಳಿಕೊಂಡು ಮೇಲೆ ಬಂದದ್ದು ಎರಡು ಕೋಡು. ಗಾಳ ಬಾಲದ ಕೂದಲಿಗೆ ಸಿಕ್ಕಿಕೊಂಡಿತ್ತು.

"ಮೆತ್ತಗೆ ಎಳೀರಿ ಸ್ವಾಮಿ, ಗಬ್ಬ ಆಗೈತೆ" ಎಂದಳು ಅಜ್ಜಿ.

ನಾನು ಹೆಡ್ ಕ್ಲರ್ಕರ ಹತ್ತಿರ ಓಡಿಹೋಗಿ, "ಸಾಕು ನಿಲ್ಸಿ ಸರ್, ಬಿದ್ದಿರೋದು ಎಮ್ಮೆ" ಎಂದೆ. ಅವರ ಚಪ್ಪಾಳೆ ನಿಲ್ಲಲಿಲ್ಲ. "ಏನಾದರೂ ಇರಲಿ, ಹಿಡಿದೋರು ಸಾಹೇಬರು ತಾನೆ?" ಎಂದರು.

ಮರದ ಹಿಂದೆ

ಸಂಜೆಯಾಗುತ್ತ ಬಂತು. ಕುಡಿದ ಎಳನೀರಿನ ಫಲವಾಗಿ ಸಾಹೇಬರು ಕೋಲನ್ನು ನನ್ನ ಕೈಗಿಟ್ಟು ಹೊಂಗೆ ಮರದ ಹಿಂದೆ ಹೋದರು. ಎಮ್ಮೆ ಬಿಡಿಸಿದಾಗಿನಿಂದ ಸತ್ತಂತೆ ಬಿದ್ದಿದ್ದ ಬೆಂಡು ಆಗಲೇ ಮುಳುಗಬೇಕೆ? ಈ ಸಲ ನಿಜವಾದ ಗೆಂಡೆ. ಕೈಯಲ್ಲಿ ಜಗ್ಗುತ್ತಿರುವುದು ಗೊತ್ತಾಗುತ್ತಿತ್ತು.

ನನಗೆ ಬೆವರು ಕಿತ್ತುಕೊಂಡು ಬಂತು. ನಾನೇ ಎಳೆದು ಹಾಕಿದರೆ ಮೀನು ನನ್ನದಾಗುತ್ತದೆ, ವರ್ಗ ಹೋಗುತ್ತದೆ. ಎಳೆಯದಿದ್ದರೆ ಮೀನೂ ಹೋಗುತ್ತದೆ, ವರ್ಗವೂ ಹೋಗುತ್ತದೆ. "ಸರ್! ಬೇಗ ಬನ್ನಿ ಸರ್!" ಎಂದು ಕೂಗಿದೆ.

"ಬೇಗ ಬರೋ ಕೆಲಸಾನೇನ್ರೀ ಇದು?" ಎಂದು ಮರದ ಹಿಂದಿನಿಂದ ಉತ್ತರ ಬಂತು.

ಅವರು ಬರುವವರೆಗೆ ಆ ಮೀನಿಗೆ ದಾರ ಬಿಡುತ್ತ, ಎಳೆಯುತ್ತ, ಮನಸ್ಸಿನಲ್ಲೇ ಕೈ ಮುಗಿಯುತ್ತ ಇದ್ದೆ. ಪ್ಯಾಂಟು ಸರಿಮಾಡಿಕೊಳ್ಳುತ್ತ ಓಡಿ ಬಂದ ಸಾಹೇಬರು ಕೋಲು ಕಿತ್ತುಕೊಂಡು ದಡಕ್ಕೆ ಎಳೆದರು. ಬಂಗಾರದ ಬಣ್ಣದ ಹುರುಪೆ, ದಪ್ಪ ತುಟಿ, ಮಗುವಿನಷ್ಟು ಗಾತ್ರದ ಗೆಂಡೆ. ಡ್ರೈವರು ಕ್ಯಾಮೆರಾದಲ್ಲಿ ರೀಲು ಮುಗಿಯುವವರೆಗೆ ಫೋಟೋ ತೆಗೆದ.

ಸಾಹೇಬರ ಮುಖ ಅರಳಿತ್ತು. ಇದೇ ಹೊತ್ತು ಎಂದು ನನ್ನ ಕಷ್ಟ ಹೇಳಿಕೊಂಡೆ. ಮಗಳು ಅಪ್ಪನನ್ನು ನೆಂಟ ಎನ್ನುವುದನ್ನೂ ಹೇಳಿದೆ. ಅವರು ಮೀನಿನ ಬೆನ್ನು ಸವರುತ್ತ, "ಗಂಡ ಹೆಂಡತಿ ಒಂದೇ ಊರಲ್ಲಿ ಇರಬೇಕು, ಅಷ್ಟೇ ತಾನೆ? ಆಯ್ತು ಬಿಡ್ರೀ" ಎಂದರು. ಅಷ್ಟು ಸುಲಭವಾಗಿ!

ಆಮೇಲೆ ಬಗ್ಗಿ, ಮೀನನ್ನು ಮೆಲ್ಲಗೆ ನೀರಿಗೆ ಬಿಟ್ಟುಬಿಟ್ಟರು. ಅದು ಬಾಲ ಬೀಸಿ ಮಾಯವಾಯಿತು. ನಮ್ಮ ಕಚೇರಿಯ ಜವಾನ ಬಾಯಿ ತೆರೆದುಕೊಂಡು ನಿಂತ. "ಯಾಕ್ ಸ್ವಾಮಿ ಬಿಟ್ರಿ?"

"ನಾನು ಮೀನು ತಿನ್ನಲ್ಲ ಕಣಯ್ಯಾ. ಇದು ಆಟ. ಹಿಡಿಯೋದು, ಬಿಡೋದು."

ಜವಾನ ನನ್ನ ಕಡೆ ತಿರುಗಿ, "ನನ್ ಹೆಂಡ್ತಿ ಖಾರ ಅರೆದಿಟ್ಕೊಂಡು ಕೂತವ್ಳೆ. ಅವಳಿಗೂ ಆಟ ಅಂತ ನೀವೇ ಬಂದು ಹೇಳಿ" ಎಂದ.

ಬೇಲೂರು ಬಸ್ ಸ್ಟ್ಯಾಂಡು

ಕೆಲವೇ ದಿನಗಳಲ್ಲಿ ಆರ್ಡರ್ ಬಂತು. ಅರಸೀಕೆರೆಗೆ ವರ್ಗ! ಹೆಡ್ ಕ್ಲರ್ಕು, "ನಾನೇ ಹಾಸನಕ್ಕೆ ಹೋಗಿ ಕಾಗದ ಇಟ್ಟು ಸಹಿ ಹಾಕಿಸ್ಕೊಂಡು ಬಂದೆ ಕಣ್ರೀ. ನಿಮ್ಮನೆ ಉಪ್ಪಲ್ಲದಿದ್ರೂ ಬೆಲ್ಲ ತಿಂದಿದೀನಲ್ಲ" ಎಂದರು. ನನಗೆ ಅವರ ಕಾಲಿಗೆ ಬೀಳಬೇಕೆನಿಸಿತು. ಮೊಬೈಲು ನಮ್ಮಂಥವರ ಕೈಗೆ ಬಂದಿರಲಿಲ್ಲ. ಇದ್ದಕ್ಕಿದ್ದಂತೆ ಹೋಗಿ ಮಗಳ ಮುಂದೆ ನಿಲ್ಲೋಣವೆಂದು ನಾನು ಕಾಗದವನ್ನೂ ಬರೆಯಲಿಲ್ಲ. ಟ್ರಂಕು, ಹಾಸಿಗೆ ಸುರುಳಿ, ಸ್ಟೌ ಕಟ್ಟಿಕೊಂಡು ಬೇಲೂರಿಗೆ ಬಂದು ಹಳೇಬೀಡಿನ ಬಸ್ಸಿಗೆ ಕಾದೆ.

ಬಸ್ಸು ಬಂತು. ಅದರಿಂದ ಒಂದು ಹಾಸಿಗೆ ಸುರುಳಿ ಇಳಿಯಿತು. ಪಾತ್ರೆ ಚೀಲ ಇಳಿಯಿತು. ಹಿಂದೆ ನನ್ನ ಮಗಳು ಇಳಿದಳು. ಕೊನೆಗೆ ನನ್ನ ಹೆಂಡತಿ.

"ಎಲ್ಲಿಗೆ ಹೊರಟ್ರಿ?" ಎಂದಳು ಅವಳು.

"ಮನೆಗೆ. ನೀನೆಲ್ಲಿಗೆ?"

"ಮನೆಗೆ" ಎಂದಳು. ಅವಳ ಕೈಯಲ್ಲೂ ಒಂದು ಆರ್ಡರ್. ಗೆಂಡೆಹಳ್ಳಿಯ ಶಾಲೆಗೆ ನಿಯೋಜನೆ, ಸೋಮವಾರವೇ ಹಾಜರಾಗಬೇಕು. ಇಬ್ಬರೂ ಅಲ್ಲೇ ಸಾಮಾನಿನ ಮೇಲೆ ಕೂತೆವು. ಬಿಡುಗಡೆಯಾಗಿ ಬಂದಾಗಿತ್ತು, ಇಬ್ಬರ ಜಾಗಕ್ಕೂ ಬೇರೆಯವರು ಬಂದಾಗಿತ್ತು. ನನ್ನ ಬಸ್ಸಿನ ಕಂಡಕ್ಟರು ಸೀಟಿ ಊದಿದ. ಮಗಳು ನನಗೆ ಟಾಟಾ ಮಾಡಿದಳು.

ಅರಸೀಕೆರೆಯಲ್ಲಿ ಹಾಜರಾಗಿ ಹಾಸನಕ್ಕೆ ಓಡಿದೆ. ಸಾಹೇಬರು ಬಹಳ ಸಂತೋಷದಿಂದ ಕೂರಿಸಿಕೊಂಡರು. "ನಿಮ್ಮಂಥೋರನ್ನ ಆ ಕಟ್ಟೆ ಬಿಡಿಸಿ ಕಳಿಸೋಕಾಗುತ್ತೇನ್ರೀ? ಅದಕ್ಕೇ ಶಿಕ್ಷಣ ಇಲಾಖೆಯ ಸ್ನೇಹಿತರಿಗೆ ಹೇಳಿ ನಿಮ್ಮ ಮನೆಯವರನ್ನೇ ಅಲ್ಲಿಗೆ ಹಾಕಿಸಿದೆ" ಎಂದರು.

"ಮತ್ತೆ ನನ್ನ ವರ್ಗಕ್ಕೆ ಸಹಿ ಹಾಕಿದ್ದೀರಲ್ಲ ಸರ್?"

"ಹೌದಾ? ನಿಮ್ಮ ಹೆಡ್ ಕ್ಲರ್ಕು ಕಾಗದ ಇಟ್ಟಿರ್ತಾರೆ, ಹಾಕಿರ್ತೀನಿ. ಅದನ್ನೆಲ್ಲ ಓದ್ತಾ ಕೂತ್ರೆ ಆಫೀಸು ನಡೆಯುತ್ತಾ?"

"ಈಗ ಏನು ಮಾಡೋದು ಸರ್?"

"ಮೂರು ವರ್ಷ ಏನೂ ಮಾಡೋಕಾಗಲ್ಲ, ರೂಲ್ಸು." ಸ್ವಲ್ಪ ಯೋಚಿಸಿ ಅವರೇ ಮುಖ ಅರಳಿಸಿಕೊಂಡರು. "ಅದಕ್ಯಾಕ್ರೀ ಅಷ್ಟು ಯೋಚನೆ? ಬರೋ ಭಾನುವಾರ ನಾನು ಗೆಂಡೆಹಳ್ಳಿಗೆ ಗಾಳಕ್ಕೆ ಹೋಗ್ತಿದೀನಿ. ಕೋಲು ಹಿಡ್ಕೊಳ್ಳೋಕೆ ಒಬ್ಬರು ಬೇಕು. ನೀವೂ ಬನ್ನಿ. ನಿಮ್ಮ ಮನೆಯವರನ್ನ ದೂರದಿಂದ ನೋಡಿದ ಹಾಗೂ ಆಗುತ್ತೆ."

ಹೋದೆ. ಜೀಪಾದ್ದರಿಂದ ಬಸ್ಸು ಬದಲಾಯಿಸುವ ತಾಪತ್ರಯ ಇರಲಿಲ್ಲ.