ಸೊಸೆಯ ತರಗತಿಯಿಂದ ಅಮಾನತಾದ ಅತ್ತೆಯನ್ನು ಮರಳಿ ಸೇರಿಸಿಕೊಳ್ಳುವ ಬಗ್ಗೆ

ಇಂದ:
ಶಕುಂತಲಾ ಉಪಾಧ್ಯ, ವಯಸ್ಸು ೫೮,
ಬಿಳಿ ಬೆಲ್ಟು (ಸದ್ಯ ಅಮಾನತಿನಲ್ಲಿ),
ಉಡುಪಿ ಹೋಟೆಲಿನ ಮೇಲಿನ ಮನೆ, ಗೋರ್ವಾ, ವಡೋದರಾ.

ಗೆ:
ಅರ್ಚಿತಾ ಸೆನ್ಸೈ, ಅಂದರೆ ಗುರುಗಳು,
ಜಪಾನೀ ಐಕಿಡೋ ಎಂಬ ಕಾದಾಟದ ಕಲೆಯ ತರಗತಿ, ಸೊಸೈಟಿ ಹಾಲ್, ಗೋರ್ವಾ.
(ಮನೆ ವಿಳಾಸ: ಮೇಲಿನದೇ.)

ವಿಷಯ: ಅಮಾನತು ತೆರವುಗೊಳಿಸಿ ಸೋಮವಾರದಿಂದ ತರಗತಿಗೆ ಸೇರಿಸಿಕೊಳ್ಳಲು ಕೋರಿ.

ಉಲ್ಲೇಖ: ಕಳೆದ ಮಂಗಳವಾರದ ಹಿಂದಿನ ಮಂಗಳವಾರ ತಾವು ಎಲ್ಲರೆದುರು ನೀಡಿದ ಮೌಖಿಕ ಆದೇಶ.

ಮಾನ್ಯರೇ,

೧. ಸದರಿ ಅರ್ಜಿದಾರಳು ಕಳೆದ ಚಳಿಗಾಲದಲ್ಲಿ ಹೋಟೆಲಿನ ಅಡುಗೆಮನೆಯಲ್ಲಿ ಜಾರಿಬಿದ್ದು ಎಡಗೈ ಮುರಿದುಕೊಂಡಿದ್ದು ತಮಗೆ ತಿಳಿದ ವಿಷಯ. ಆಮೇಲೆ ಆಕೆ ಗೋಡೆ ಹಿಡಿದೇ ನಡೆಯುತ್ತಿದ್ದು, ಬಚ್ಚಲಿಗೆ ಹೋಗಲೂ ಅಂಜುತ್ತಿದ್ದ ಕಾರಣ, "ಅತ್ತೆ, ಬೀಳೋದು ಹೇಗೆ ಅಂತ ಕಲಿಸ್ತೀನಿ, ಚಲೋ" ಎಂದು ತಾವೇ ಕೈಹಿಡಿದು ಕರೆದೊಯ್ದಿರಿ.

೨. ಮೊದಲ ದಿನ ಎಲ್ಲರೂ ಮಂಡಿಯೂರಿ ಗುರುಗಳಿಗೆ ಬಾಗಿದಾಗ, ಅರ್ಜಿದಾರಳು ಹಿರಿಯಳಾದ ಕಾರಣ ತಮ್ಮ ತಲೆಯ ಮೇಲೆ ಕೈಯಿಟ್ಟು "ದೀರ್ಘ ಸುಮಂಗಲೀ ಭವ" ಎಂದು ಹರಸಿದಳು. ಇದೂ ಜಪಾನಿನ ಪದ್ಧತಿಯೆಂದು ತಿಳಿದ ಭರತೇಶ್ ಎಂಬ ಸಹಪಾಠಿ ಮರುದಿನ ಹಾಗೆಯೇ ಹರಸಲು ಹೋದದ್ದಕ್ಕೆ ಅರ್ಜಿದಾರಳು ಹೊಣೆಯಲ್ಲ.

೩. ಈಗ ಅಪರಾಧದ ವಿಷಯ. ಅಭ್ಯಾಸದಲ್ಲಿ ಭರತೇಶ್ ಅರ್ಜಿದಾರಳನ್ನು ಚಾಪೆಯ ಮೇಲೆ ಮೆಲ್ಲಗೆ ಕೆಡವಿದರು. ಕೆಡವಿದವರಿಗೆ ಬಾಗಿ ವಂದಿಸುವುದು ನಿಯಮ.

"ಬಿದ್ದವಳು ನಾನು, ನಮಸ್ಕಾರ ಅವನಿಗಾ? ಇದೆಂಥ ನ್ಯಾಯ ಮಾರಾಯ್ತಿ!"

"ಶಕುಂತಲಾಬೆನ್, ಬಾಗಿ" ಎಂದಿರಿ ತಾವು.

ಅತ್ತೆಯನ್ನು ಬೆನ್, ಅಂದರೆ ಇಲ್ಲಿನವರಂತೆ ಅಕ್ಕ, ಎಂದದ್ದು ಕೇಳಿ ಅರ್ಜಿದಾರಳಿಗೆ ಸಿಟ್ಟು ನೆತ್ತಿಗೇರಿತು. "ಸಾರಿಗೊಂದು ಒಗ್ಗರಣೆ ಹಾಕಲು ಬಾರದವಳು ನನಗೆ ನಡತೆ ಕಲಿಸುತ್ತಾಳೆ" ಎಂದುಬಿಟ್ಟಳು. ಎಲ್ಲರಿಗೂ ಅರ್ಥವಾಗಲೆಂದು ಹಿಂದಿಯಲ್ಲೇ ಅಂದದ್ದು ಅಪರಾಧವನ್ನು ಹೆಚ್ಚಿಸಿದೆ ಎಂದು ಒಪ್ಪಲಾಗಿದೆ. ತಮ್ಮ ಮುಖ ಕೆಂಪಾಯಿತು. "ಎರಡು ವಾರ ಬರಬೇಡಿ" ಎಂದಿರಿ. ಹಾಗೆಂದವರು ಅರ್ಜಿದಾರಳಿಗೆ ಬಾಗಿ ವಂದಿಸಿಯೂ ಬಿಟ್ಟಿರಿ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

೪. ಅಮಾನತಿನ ಅವಧಿಯಲ್ಲಿ ತಾವು ಮನೆಯಲ್ಲಿ ಎಂದಿನಂತೆ ಊಟ ಬಡಿಸಿದಿರಿ, ಕೈಗೆ ಬಿಸಿನೀರಿನ ಶಾಖ ಕೊಟ್ಟಿರಿ. ಅರ್ಜಿದಾರಳು ದಿನವೂ ಕಾದು ಕುಳಿತರೂ ತಾವು ಜಗಳವನ್ನು ಮಾತ್ರ ಒದಗಿಸಲಿಲ್ಲ. ಮಗ ಮಯೂರನಲ್ಲಿ ವಿಚಾರಿಸಲಾಗಿ, "ಅಮ್ಮಾ, ಅದು ನಿಮ್ಮಿಬ್ಬರ ಇಲಾಖೆ" ಎಂದು ಆತ ತಟ್ಟೆ ಎತ್ತಿಕೊಂಡು ಹೋದನು.

೫. ಹತ್ತನೆಯ ದಿನ ಮಧ್ಯಾಹ್ನ ಮಜ್ಜಿಗೆ ಪಾತ್ರೆ ಹಿಡಿದು ಇಳಿಯುತ್ತಿದ್ದ ಅರ್ಜಿದಾರಳು ಕೊನೆಯ ಮೆಟ್ಟಿಲಲ್ಲಿ ಜಾರಿದಳು. ಗದ್ದ ಎದೆಗೊತ್ತಿ, ಅಂಗೈಯಿಂದ ನೆಲಕ್ಕೆ ಬಡಿದು, ಪಕ್ಕಕ್ಕೆ ಉರುಳಿದಳು. ಎಲ್ಲವೂ ತಾವು ಕಲಿಸಿದಂತೆಯೇ. ಮಜ್ಜಿಗೆಯಷ್ಟೂ ಹೋಯಿತು, ಮೂಳೆ ಒಂದೂ ಹೋಗಲಿಲ್ಲ. ಕೆಡವಿದವರಿಗೆ ವಂದಿಸಬೇಕಾದ ಕಾರಣ, ಕುಳಿತಲ್ಲಿಂದಲೇ ಮೆಟ್ಟಿಲಿಗೂ ಬಾಗಲಾಯಿತು.

ಅಷ್ಟರಲ್ಲಿ ತಾವು "ಅತ್ತೇ!" ಎಂದು ಕೂಗುತ್ತಾ ಓಡಿಬಂದು ಮಜ್ಜಿಗೆಯಲ್ಲೇ ಕುಳಿತಿರಿ. "ಚಿನ್ ಒಳಗೆ ಇಟ್ರಾ?"

"ಇಟ್ಟೆ ಮಗಾ. ಅವತ್ತು ಎಲ್ಲರೆದುರು ಹಾಗೆ ಹೇಳಬಾರದಿತ್ತು. ತಪ್ಪಾಯಿತು."

ತಮ್ಮ ಮದುವೆಯಾದ ಈ ಆರು ವರ್ಷಗಳಲ್ಲಿ ಈ ಕೊನೆಯ ಪದ ಅರ್ಜಿದಾರಳ ಬಾಯಿಂದ ಹೊರಟಿದ್ದು ಇದೇ ಮೊದಲು. ತಾವು ಅತ್ತಿರೋ ನಕ್ಕಿರೋ ಎಂಬುದು ಮಜ್ಜಿಗೆಯ ಕಾರಣ ಖಚಿತವಾಗಿಲ್ಲ.

ಆದ್ದರಿಂದ, ಸೋಮವಾರ ಅರ್ಜಿದಾರಳು ಭರತೇಶ್ ಅವರಿಗೆ ಬಾಕಿಯಿರುವ ನಮಸ್ಕಾರವನ್ನು ಸಲ್ಲಿಸಿ, ತಮ್ಮ ಕ್ಷಮೆಯನ್ನು ಎಲ್ಲರೆದುರು ಹಿಂದಿಯಲ್ಲೇ ಕೇಳಲು ಸಿದ್ಧಳಿರುವ ಕಾರಣ, ಕೊನೆಯ ಸಾಲಿನಲ್ಲಾದರೂ ಜಾಗ ಕೊಡಬೇಕಾಗಿ ಪ್ರಾರ್ಥನೆ.

ತಮ್ಮ ವಿಶ್ವಾಸಿ ಹಾಗೂ ವಿದ್ಯಾರ್ಥಿನಿ,
ಶಕುಂತಲಾ

ಲಗತ್ತುಗಳು:
೧. ಎಡಗೈ ಎಕ್ಸ್‌ರೇ (ಹೊಸದು, ಬಿರುಕಿಲ್ಲ).
೨. ಮಯೂರನ ನಿರಾಕ್ಷೇಪಣಾ ಪತ್ರ (ಓದದೆ ಸಹಿ ಮಾಡಿದ್ದು).

ವಿ.ಸೂ.: ಈ ಅರ್ಜಿಗೆ ಉತ್ತರವನ್ನು ದಯವಿಟ್ಟು ಬರೆದೇ ಕೊಡಬೇಕು. ಊಟಕ್ಕೆ ಕುಳಿತಾಗ ಕೇಳಿದರೆ ತಾವು "ಬನ್ನಿ ಅತ್ತೆ" ಎಂದುಬಿಡುತ್ತೀರಿ. ಅರ್ಜಿದಾರಳು ಕೇಳುತ್ತಿರುವುದು ಸೆನ್ಸೈ ಅವರನ್ನು.