ಶಿವಲಿಂಗಮ್ಮನವರ ಹಣೆಯ ನಾಲ್ಕು ಗೆರೆಗಳ ಬಗ್ಗೆ ಪಾಲಿಶ್ ಯಂತ್ರಕ್ಕೆ

ಚನ್ನಪಟ್ಟಣದ ಸ್ಪರ್ಶಕಲಾ ಪ್ರದರ್ಶನ ಸಮಿತಿಯ ಸ್ವತ್ತಾದ ಶ್ರೀಯುತ ಪಾಲಿಶ್ ಯಂತ್ರದವರ ದಿವ್ಯ ಸನ್ನಿಧಾನಕ್ಕೆ,

ಮಾನ್ಯರೇ,

ಕುದೂರಿನ ನಿವಾಸಿಯೂ ನಿವೃತ್ತ ಬೆರಳಚ್ಚುಗಾರನೂ ಆದ ಕೆಂಪರಾಜು ಮಾಡುವ ವಿನಯಪೂರ್ವಕ ನಮಸ್ಕಾರಗಳು. ತಮ್ಮ ಮೋಟಾರು ಬಿಸಿಯಾಗದೆ, ಬೆಲ್ಟು ಸವೆಯದೆ, ತಾವು ಸುಖವಾಗಿದ್ದೀರೆಂದು ನಂಬಿದ್ದೇನೆ. ಮೂವತ್ತೆರಡು ವರ್ಷ ಸರ್ಕಾರಿ ಕಚೇರಿಯಲ್ಲಿ ಕೂತು ಜನರ ದೂರುಗಳಿಗೆಲ್ಲ ‘ತಮ್ಮ ಪತ್ರವು ಪರಿಶೀಲನೆಯಲ್ಲಿದೆ’ ಎಂದು ಉತ್ತರ ಟೈಪು ಮಾಡಿದವನು ನಾನು. ನನ್ನದೇ ದೂರೊಂದನ್ನು ಟೈಪು ಮಾಡುವ ಸರದಿ ಈಗ ಬಂದಿದೆ. ನಿವೃತ್ತಿಯಾದ ಮರುವರ್ಷ ಕಣ್ಣಿನ ಒತ್ತಡದ ಕಾಯಿಲೆ ಬಂದು ಎರಡೂ ಕಣ್ಣು ಹೋದವು. ದೇವರ ದಯೆಯಿಂದ ಬೆರಳುಗಳು ಇನ್ನೂ ನೌಕರಿಯಲ್ಲಿವೆ. ಕಚೇರಿಯವರು ಹರಾಜು ಹಾಕಿದ ಹಳೆಯ ಟೈಪ್‌ರೈಟರನ್ನೇ ಮನೆಗೆ ತಂದಿಟ್ಟುಕೊಂಡಿದ್ದೇನೆ. ಅಕ್ಷರ ತಪ್ಪಿದ್ದರೆ ನನ್ನ ಶ್ರೀಮತಿ ಶಿವಲಿಂಗಮ್ಮನವರು ಓದಿ ಹೇಳುತ್ತಾರೆ, ತಪ್ಪಿಲ್ಲದಿದ್ದರೂ ಏನಾದರೊಂದು ಹೇಳುತ್ತಾರೆ.

ಮನುಷ್ಯರನ್ನು ಬಿಟ್ಟು ತಮಗೇ ನೇರವಾಗಿ ಬರೆಯುತ್ತಿರುವುದಕ್ಕೆ ಕಾರಣವಿದೆ. ಸಮಿತಿಗೆ ನಾನು ಮೂರು ಪತ್ರ ಹಾಕಿದೆ. ಮೂರನೆಯದಕ್ಕೆ ಉತ್ತರ ಬಂತು: ‘ಸದರಿ ಕಲಾಕೃತಿಗೆ ಆದ ಬದಲಾವಣೆಯು ಯಂತ್ರದಿಂದ ಆಗಿದ್ದು, ಇದರಲ್ಲಿ ಯಾವುದೇ ವ್ಯಕ್ತಿಯ ಪಾತ್ರ ಇರುವುದಿಲ್ಲ.’ ಯಾರೂ ಸ್ವಿಚ್ಚು ಒತ್ತದೆ, ಯಾರೂ ಹಿಡಿಯದೆ, ತಾವೇ ಬೆಂಚಿನಿಂದ ಎದ್ದು ಬಂದು, ಅಷ್ಟೊಂದು ಕೃತಿಗಳ ನಡುವೆ ನನ್ನದನ್ನೇ ಆರಿಸಿಕೊಂಡು ಸೇವೆ ಸಲ್ಲಿಸಿದಿರೆಂದು ತಿಳಿದು ನಾನು ಕೂತಲ್ಲೇ ಕೈ ಮುಗಿದೆ. ಇಂಥ ಕೆಲಸಗಾರರು ನಮ್ಮ ಕಚೇರಿಯಲ್ಲಿ ಒಬ್ಬರಾದರೂ ಇದ್ದಿದ್ದರೆ ಎಷ್ಟೋ ಕಡತಗಳು ಮುಂದಕ್ಕೆ ಹೋಗುತ್ತಿದ್ದವು.

ತಮ್ಮ ಗಮನಕ್ಕೆ ಬಾರದೆ ಹೋಗಿರಬಹುದಾದ ಕೆಲವು ಸಂಗತಿಗಳನ್ನು ಅರಿಕೆ ಮಾಡಿಕೊಳ್ಳುತ್ತೇನೆ. ಕಣ್ಣಿಲ್ಲದವರಿಗೆ ಮತ್ತು ಕಣ್ಣು ಮಂಜಾದವರಿಗೆ ಮುಟ್ಟಿ ಮಾಡುವ, ಮುಟ್ಟಿ ನೋಡುವ ಕಲೆಯನ್ನು ಕಲಿಸುತ್ತೇವೆಂದು ಸಮಿತಿಯ ಲತಾಮಣಿ ಮೇಡಂ ಅವರು ಚನ್ನಪಟ್ಟಣದಲ್ಲಿ ಹತ್ತು ಶನಿವಾರಗಳ ಕಾರ್ಯಾಗಾರ ನಡೆಸಿದರು. ಕುದೂರಿನಿಂದ ಮಾಗಡಿ, ಮಾಗಡಿಯಿಂದ ರಾಮನಗರ, ಅಲ್ಲಿಂದ ಚನ್ನಪಟ್ಟಣ ಎಂದು ಮೂರು ಬಸ್ಸು ಬದಲಾಯಿಸಿಕೊಂಡು ನಾನೂ ಶ್ರೀಮತಿಯವರೂ ಹತ್ತೂ ಶನಿವಾರ ಹೋದೆವು. ಮರ ಕೊಟ್ಟು ಉಳಿ ಹಿಡಿಯಲು ಕಲಿಸಿದವರು ಬೊಂಬೆ ಕೆಲಸದ ತಾಜ್ ಪಾಷಾ ಸಾಹೇಬರು. ಮೆತ್ತನೆಯ ಆಲೆ ಮರದ ಹಲಗೆಯೊಂದನ್ನು ಕೈಗಿಟ್ಟು, ‘ನಿಮಗೆ ಏನು ನೋಡ್ಬೇಕು ಅನ್ಸುತ್ತೋ ಅದನ್ನ ಮಾಡಿ ಅಣ್ಣ’ ಎಂದರು. ನಾನು ಶಿವಲಿಂಗಮ್ಮನವರ ಮುಖ ಎಂದೆ.

ಮಾನ್ಯರೇ, ತಮಗೆ ಮದುವೆಯಾಗಿದೆಯೋ ಇಲ್ಲವೋ ನನಗೆ ತಿಳಿಯದು. ನಮಗಾಗಿ ನಲವತ್ತೊಂದು ವರ್ಷ. ಇಷ್ಟು ಕಾಲದಲ್ಲಿ ಹಗಲು ಹೊತ್ತು, ನಾಲ್ಕು ಜನರೆದುರು, ಹೆಂಡತಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಕೂರುವ ಪದ್ಧತಿ ನಮ್ಮ ಕಡೆ ಇಲ್ಲ. ಮೊದಲ ಶನಿವಾರ ಅವರು, ‘ಥೂ ಬುಡಿ, ಜನ ಏನಂದಾರು’ ಎಂದು ಸೆರಗು ಎಳೆದುಕೊಂಡರು. ಎರಡನೆಯ ಶನಿವಾರ ಕಣ್ಣು ಮುಚ್ಚಿ ಕೂತರು. ಮೂರನೆಯ ಶನಿವಾರ ಕೂತಲ್ಲೇ ನಿದ್ದೆ ಹೋದರು.

ಕಣ್ಣು ಹೋದ ದಿನ ಅವರ ಮುಖ ಹೇಗಿತ್ತೋ ನನ್ನ ಮನಸ್ಸಿನಲ್ಲಿ ಹಾಗೇ ನಿಂತುಬಿಟ್ಟಿತ್ತು. ಏಳು ವರ್ಷದಿಂದ ನಾನು ಮಾತಾಡುತ್ತಿದ್ದದ್ದು ಆ ಹಳೆಯ ಮುಖದೊಡನೆ. ಈಚಿನದು ಏನಾಗಿದೆ ಎಂದು ನನ್ನ ಬೆರಳಿಗೆ ತಿಳಿದದ್ದು ಆ ಶನಿವಾರಗಳಲ್ಲಿ. ಕೆನ್ನೆ ಇಳಿದಿತ್ತು. ರೇಷ್ಮೆ ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆ ಜಾರಿ ಬಿದ್ದಾಗ ಹುಬ್ಬಿನ ಮೇಲಾದ ಗಾಯದ ಗುರುತು ಅಲ್ಲೇ ಇತ್ತು. ಹಣೆಯ ಮೇಲೆ ನಾಲ್ಕು ಗೆರೆ ಬಂದಿದ್ದವು, ನಾನು ನೋಡದೆ ಇದ್ದಾಗ ಬಂದ ಗೆರೆಗಳು. ಅವನ್ನು ಒಂದೊಂದಾಗಿ ಹಲಗೆಗೆ ಇಳಿಸಲು ನನಗೆ ನಾಲ್ಕು ವಾರ ಹಿಡಿಯಿತು. ಮುಗಿದ ದಿನ ಆ ಹಲಗೆಯ ಮೇಲೆ ಕೈಯಾಡಿಸಿ ನನಗೆ ಅಳು ಬಂತು. ಇದನ್ನು ಒಂದು ಯಂತ್ರಕ್ಕೆ ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ.

ನಮ್ಮೆಲ್ಲರ ಕೃತಿಗಳ ಪ್ರದರ್ಶನದ ಹಿಂದಿನ ದಿನ ತಾವು ಕೃಪೆದೋರಿದಿರಿ. ಮಾರನೆಯ ಬೆಳಗ್ಗೆ ರಾಮನಗರದಿಂದ ಬಂದಿದ್ದ ಹುಸೇನ್ ಎಂಬ, ನನ್ನಂತೆಯೇ ಕಣ್ಣಿಲ್ಲದವರೊಬ್ಬರು ನನ್ನ ಕೃತಿಯನ್ನು ಮೊದಲು ಮುಟ್ಟಿ, ಬಹಳ ಹೊತ್ತು ಸವರಿ, ‘ಭಾಳ ಚೆನ್ನಾಗೈತೆ ಅಣ್ಣ, ತೋತಾಪುರಿ ಮಾವಿನಕಾಯಿ ತಾನೆ?’ ಎಂದರು. ನಾನು ನಕ್ಕು, ಮುಟ್ಟಿದೆ. ಗಾಯವಿಲ್ಲ, ಗೆರೆಯಿಲ್ಲ, ಮೂಗು ಇತ್ತೆಂಬುದಕ್ಕೆ ಒಂದು ಸಣ್ಣ ಉಬ್ಬು. ಅದರ ಮೇಲೆ ಎರಡು ಸುತ್ತು ಅರಗಿನ ಮೆರುಗು. ಕಣ್ಣಿದ್ದವರೆಲ್ಲ ‘ಏನು ಶೈನಿಂಗು’ ಎಂದು ಹೊಗಳಿ ಹೋದರು. ನಾನು ಹತ್ತು ಶನಿವಾರದಲ್ಲಿ ತಿಳಿದುಕೊಂಡ ಏಳು ವರ್ಷದ ಬಾಕಿಯನ್ನು ತಾವು ಹತ್ತು ನಿಮಿಷದಲ್ಲಿ ಅಳಿಸಿದ ವೇಗಕ್ಕೆ ನನ್ನ ಹಾರ್ದಿಕ ಅಭಿನಂದನೆಗಳು.

ಇಂಥ ಸಾಮರ್ಥ್ಯವನ್ನು ಒಂದೇ ಹಣೆಗೆ ಸೀಮಿತಗೊಳಿಸುವುದು ನಾಡಿಗೆ ನಷ್ಟ. ಆದ್ದರಿಂದ ದಯವಿಟ್ಟು ಬಿಡುವಾದಾಗ ಸಾವನದುರ್ಗಕ್ಕೆ ಬಂದು ಬೆಟ್ಟವನ್ನು ಬುಡದಿಂದ ತುದಿಯವರೆಗೆ ನುಣುಪು ಮಾಡಿ, ಎರಡು ಸುತ್ತು ಕೆಂಪು ಅರಗು ಹಚ್ಚಿಕೊಡಬೇಕಾಗಿ ಪ್ರಾರ್ಥನೆ. ಹತ್ತುವವರು ಜಾರಿದರೆ ಅದು ಬೆಟ್ಟದಿಂದ ಆದದ್ದು, ಯಾವುದೇ ವ್ಯಕ್ತಿಯ ಪಾತ್ರ ಇರುವುದಿಲ್ಲ. ನಮ್ಮ ಮನೆಯ ಮುಂದಿನ ರಸ್ತೆಯ ಹಳ್ಳಗಳನ್ನು ಮಾತ್ರ ಮುಟ್ಟಬೇಡಿ. ಅವನ್ನು ಎಣಿಸಿಕೊಂಡೇ ನಾನು ಮನೆ ಸೇರುತ್ತೇನೆ. ಇನ್ನು ತಾವು ತೆಗೆದ ಪುಡಿಯಲ್ಲಿ ನನ್ನ ಶ್ರೀಮತಿಯವರ ಹಣೆಯ ಭಾಗವನ್ನು ಬೇರೆಯಾಗಿ ಸೋಸಿ, ಗೆರೆಗಳನ್ನು ಮೇಲಿನಿಂದ ಕೆಳಕ್ಕೆ ಕ್ರಮವಾಗಿ ಜೋಡಿಸಿ, ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿಕೊಟ್ಟರೆ ಉಪಕಾರವಾಗುತ್ತದೆ.

ತಮ್ಮನ್ನು ಹಿಡಿದಿದ್ದ ಕೈ ಯಾರದೆಂದು ನನಗೆ ಗೊತ್ತಿಲ್ಲ ಎಂದುಕೊಳ್ಳಬೇಡಿ. ಕಳೆದ ಭಾನುವಾರ ತಾಜ್ ಪಾಷಾ ಸಾಹೇಬರು ತಾವಾಗಿಯೇ ಕುದೂರಿಗೆ ಬಂದು, ಕಾಫಿ ಮುಟ್ಟದೆ ಕೂತು, ಎಲ್ಲವನ್ನೂ ಹೇಳಿದರು. ‘ನಲವತ್ತು ವರ್ಷದ ಅಭ್ಯಾಸ ಅಣ್ಣ. ಬೊಂಬೆ ಮಗು ಬಾಯಿಗೆ ಹೋಗೋದು, ಒಂದು ಚೂರೂ ಚುಚ್ಚಬಾರದು ಅಂತ ನಮ್ಮಪ್ಪ ಹೊಡ್ದು ಕಲ್ಸಿದ್ರು. ನಿಮ್ಮ ಹಲಗೆ ಕೈಗೆ ಚುಚ್ತು. ಮುಖ ಅನ್ನೋದೇ ಮರೆತೋಯ್ತು’ ಎಂದರು. ಮಕ್ಕಳ ಬಾಯಿಗಾಗಿ ಕಲಿತ ಎಚ್ಚರಿಕೆಯಿಂದ ಆದ ತಪ್ಪಿಗೆ ನಾನು ಯಾರ ಮೇಲೆ ಸಿಟ್ಟಾಗಲಿ? ಒಪ್ಪಿಕೊಳ್ಳಲು ಅವರಿಗಿದ್ದ ಧೈರ್ಯ ಸಮಿತಿಯವರಿಗೆ ಇರಲಿಲ್ಲ ಎಂಬುದಷ್ಟೇ ನನ್ನ ಸಿಟ್ಟು. ಅವರು ಹೊಸ ಹಲಗೆಯೊಂದನ್ನು ತಂದು ನನ್ನ ತೊಡೆಯ ಮೇಲಿಟ್ಟು ಹೋದರು.

ಆದರೆ ಹಲಗೆಯೊಂದಿದ್ದರೆ ಸಾಲದು. ಶ್ರೀಮತಿಯವರು, ಮಾನ್ಯ ಯಂತ್ರದವರೇ, ತಮ್ಮ ಪರವಾಗಿ ನಿಂತುಬಿಟ್ಟಿದ್ದಾರೆ. ನುಣುಪಾದ ಹಲಗೆಯನ್ನು ಸೆರಗಿನಲ್ಲಿ ಒರೆಸಿ ಗೋಡೆಗೆ ನೇತುಹಾಕಿ, ‘ಮದ್ವೆ ದಿನ ಇಂಗೇ ಇದ್ದೆ ಕಣಿ. ನೀವು ಆಗ ಕಂಡಂಗೇ ಇರ್‍ಲಿ ಬುಡಿ, ಈಗಿನ ಮೊಖ ಕಟ್ಕೊಂಡು ಏನ್ ಮಾಡೀರಿ?’ ಎನ್ನುತ್ತಾರೆ. ಮತ್ತೆ ಕೂರುವುದಿಲ್ಲವಂತೆ. ನನಗೆ ಬೇಕಾದದ್ದು ಮದುವೆ ದಿನದ ಮುಖವಲ್ಲ. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ. ನಾನು ನೋಡದೆ ಹೋದ ಮುಖ ಬೇಕು. ಇದನ್ನು ಎದುರಿಗೆ ಹೇಳಲು ನಾಲಿಗೆ ಏಳದೆ ತಮಗೆ ಬರೆದಿದ್ದೇನೆ.

ಸದಾ ತಮ್ಮ ನುಣುಪಿನ ಋಣದಲ್ಲಿರುವ,
ತಮ್ಮ ವಿಶ್ವಾಸಿ,
ಕೆಂಪರಾಜು
ಕುದೂರು, ಮಾಗಡಿ ತಾಲೂಕು

ವಿ.ಸೂ.: ಅಕ್ಷರ ತಪ್ಪು ನೋಡಲೆಂದು ಶ್ರೀಮತಿಯವರು ಈ ಪತ್ರವನ್ನು ಜೋರಾಗಿ ಓದುತ್ತಾ ಬಂದು, ಕೊನೆಯ ಹೊತ್ತಿಗೆ ದನಿ ತಗ್ಗಿಸಿದರು. ಒಂದೇ ತಪ್ಪು ಸಿಕ್ಕಿತಂತೆ. ‘ನಾಕು ಗೆರೆ ಅಂತ ಬರ್ದಿದ್ದೀರಿ, ಐದಾಗೈತೆ. ಶನಿವಾರ ಕುಂತ್ಕತೀನಿ, ಸರಿಯಾಗಿ ಎಣಿಸ್ಕಳಿ’ ಎಂದರು. ಆ ದಿನ ತಾವು ದಯಮಾಡಿಸುವ ಶ್ರಮ ತೆಗೆದುಕೊಳ್ಳಬೇಕಾಗಿಲ್ಲ. ತಮ್ಮ ವೈರಿನ ತುದಿಯ ಪ್ಲಗ್ಗನ್ನು ತಾಜ್ ಪಾಷಾ ಸಾಹೇಬರು ಬಿಚ್ಚಿ ತಂದು ನನ್ನ ಕೈಗೆ ಕೊಟ್ಟಿದ್ದಾರೆ. ಮುಟ್ಟಿ ನೋಡಿದ್ದೇನೆ, ಮೂರೂ ಪಿನ್ನು ಇವೆ.